ಇನ್ನೂ ಮುಗಿಯದ ವಯಸ್ಕರ ವಿಷುವಲ್ ನಾವೆಲ್ ಆಟವನ್ನು ಈಗಲೇ ಆಡಬಹುದೇ?

ಕಥೆಗಾಗಿ ಆಡುವವರಾದರೆ ಕಾಯುವುದೇ ಮೇಲು. 18 ದಾಟಿದವರಿಗೆಂದು ಬರುವ, ಚಿತ್ರ ಮತ್ತು ಮಾತುಗಳಲ್ಲಿ ಕಥೆ ಹೇಳುವ ಇಂಥ ಆಟಗಳು ಬಹುಪಾಲು ರೆನ್‌ಪೈ ಎಂಬ ಆಟ ಕಟ್ಟುವ ತಂತ್ರಾಂಶದಲ್ಲಿ ಮಾಡಿದವು. ಪೇಟ್ರಿಯಾನ್ ಎಂಬ ತಾಣದಲ್ಲಿ ಅಭಿಮಾನಿಗಳು ಕೊಡುವ ಚಂದಾದ ಬಲದಲ್ಲಿ ಕಂತುಕಂತಾಗಿ ಬರುತ್ತವೆ.

ಇವುಗಳ ಶಕ್ತಿ ಪಾತ್ರಗಳಲ್ಲಿದೆ. ಗಂಟೆಗಟ್ಟಲೆ ಮಾತುಕತೆಗೆ ಜಾಗವಿರುವುದರಿಂದ ಸಂಬಂಧಗಳು ನಿಧಾನವಾಗಿ, ನಂಬುವಂತೆ ಬೆಳೆಯುತ್ತವೆ.

ಸೋಲುವುದು ಕವಲುಗಳಲ್ಲಿ. ಎರಡೆರಡು ಉತ್ತರಗಳ ಮೂರು ಆಯ್ಕೆ ಇಟ್ಟರೆ 8 ದಾರಿ. ಪ್ರತಿ ದಾರಿಗೂ ಬೇರೆ ಮಾತು, ಬೇರೆ ಚಿತ್ರ ಬೇಕು. ಒಬ್ಬಿಬ್ಬರ ತಂಡಕ್ಕೆ ಅದು ಆಗದ ಕೆಲಸ. ಹಾಗಾಗಿ ಬರಬರುತ್ತಾ ಆಯ್ಕೆ ಹೆಸರಿಗಷ್ಟೇ ಉಳಿಯುತ್ತದೆ: ಎರಡು ಸಾಲು ಬದಲಾಗಿ ಮತ್ತೆ ಅದೇ ದಾರಿ. ತಿಂಗಳ ಚಂದಾ ಬರುತ್ತಿರುವಾಗ ಕಥೆ ಮುಗಿಸುವ ಅವಸರ ಯಾರಿಗಿದೆ ಎಂಬುದು ಬೇರೆ ಮಾತು.

ಇನ್ನೊಂದು ಕಾಟ, ಹಳೆಯ ಸೇವ್ (ಆಟ ನಿಲ್ಲಿಸಿದ ಜಾಗದ ದಾಖಲೆ) ಕೆಡುವುದು. ಹೊಸ ಕಂತಿನ ವೇರಿಯಬಲ್ಲನ್ನು (ಆಯ್ಕೆಗಳಂಥ ವಿವರವನ್ನು ಆಟ ನೆನಪಿಡುವ ಹೆಸರು) ‘ಡಿಫಾಲ್ಟ್’ ಎಂದು ಘೋಷಿಸದೆ ಸ್ಟಾರ್ಟ್ ಲೇಬಲ್ಲಿನೊಳಗೆ, ಅಂದರೆ ಹೊಸ ಆಟ ಶುರುವಾದಾಗ ಓಡುವ ಭಾಗದೊಳಗೆ, ಸೇರಿಸಿದ್ದರೆ ಹಳೆಯ ಸೇವ್‌ನಲ್ಲಿ ಅದು ಇರುವುದೇ ಇಲ್ಲ. ಅದನ್ನು ಕೇಳುವ ದೃಶ್ಯ ಬಂದೊಡನೆ ಎರರ್ ಪರದೆ. ತಪ್ಪು ಡೆವಲಪರ್‌ದು, ಪಾಡು ಆಟಗಾರರದು. ಒಂದೇ ಸ್ಲಾಟಿನ ಮೇಲೆ ಮತ್ತೆ ಮತ್ತೆ ಸೇವ್ ಮಾಡಬೇಡಿ; ಪ್ರತಿ ಕಂತಿನ ಆರಂಭಕ್ಕೆ, ಪ್ರತಿ ದೊಡ್ಡ ಆಯ್ಕೆಗೆ ಮುಂಚೆ ಬೇರೆ ಸ್ಲಾಟ್ ಬಳಸಿ.

ಮೊದಲಿನಿಂದ ಶುರುಮಾಡಲೇಬೇಕಾದರೆ ಟ್ಯಾಬ್ ಕೀಲಿ ಒತ್ತಿ. ಓದಿದ ಮಾತುಗಳು ತಾವಾಗಿಯೇ ಓಡಿ ಆಯ್ಕೆ ಬಂದಾಗ ನಿಲ್ಲುತ್ತವೆ. ಸೇರಿಸಿದ ಹೊಸ ಸಾಲುಗಳಲ್ಲೂ ನಿಲ್ಲುತ್ತವೆ, ಎಲ್ಲಿ ಏನು ಬದಲಾಗಿದೆ ಎಂದು ಹುಡುಕಲು ಇದೇ ಸುಲಭದ ದಾರಿ. ಹಾಗೆ ನಿಲ್ಲುವುದು ಬೇಡವಾದರೆ ಸೆಟ್ಟಿಂಗ್ಸ್‌ನ ಸ್ಕಿಪ್ ವಿಭಾಗದಲ್ಲಿ ‘ಅನ್‌ಸೀನ್ ಟೆಕ್ಸ್ಟ್’ ಆನ್ ಮಾಡಿ.