ಆಹಾರ ಜಾಲ ಕಲಿಸಬೇಕಾ? ಸರಪಳಿಯನ್ನು ಸ್ವಲ್ಪ ದಿನ ಮರೆತುಬಿಡಿ

ನಾಲ್ಕನೇ ತರಗತಿಯ ಮಕ್ಕಳು ಆಹಾರ ಸರಪಳಿಯನ್ನು ಗಡಗಡ ಒಪ್ಪಿಸುತ್ತಾರೆ, ಆದರೆ ಆಹಾರ ಜಾಲ (ಹಲವು ಸರಪಳಿಗಳು ಒಂದಕ್ಕೊಂದು ಹೆಣೆದುಕೊಂಡದ್ದು) ಅಂದರೆ ಕಣ್ಣು ಕಣ್ಣು ಬಿಡುತ್ತಾರೆ, ಏನು ಮಾಡಲಿ ಎಂದು ಕೇಳಿದ್ದೀರಿ. ನನ್ನ ತರಗತಿಯಲ್ಲೂ ವರ್ಷಗಟ್ಟಲೆ ಇದೇ ಕತೆ. ಹುಲ್ಲು, ಮಿಡತೆ, ಕಪ್ಪೆ, ಹಾವು, ಹದ್ದು. ಮಗ್ಗಿ ಹೇಳಿದ ಹಾಗೆ ಹೇಳುತ್ತಿದ್ದರು. ‘ಕಪ್ಪೆ ಮಿಡತೆ ಬಿಟ್ಟು ಬೇರೇನೂ ತಿನ್ನಲ್ವಾ?’ ಅಂದರೆ ಇಡೀ ಕ್ಲಾಸು ಗಪ್‌ಚುಪ್.

ತಪ್ಪು ಮಕ್ಕಳದ್ದಲ್ಲ. ನಾವೇ ಮೊದಲು ಸರಪಳಿ ಕಲಿಸುತ್ತೇವೆ. ಒಬ್ಬರಿಗೆ ಒಂದೇ ಊಟ ಅನ್ನುವುದು ತಲೆಯಲ್ಲಿ ಕೂತುಬಿಡುತ್ತದೆ. ಈಗ ನಾನು ಉಲ್ಟಾ ಮಾಡುತ್ತೇನೆ. ಮೊದಲು ಜಾಲ. ಆಮೇಲೆ ಅದರಿಂದ ಒಂದು ಎಳೆ ಹಿಡಿದು ‘ಇದಕ್ಕೆ ಸರಪಳಿ ಅಂತಾರೆ’ ಅಂದರೆ ಸಾಕು, ಐದು ನಿಮಿಷದ ಕೆಲಸ.

ಶುರು ಮಾಡುವುದು ಹೊರಗಡೆ. ಹಗ್ಗದಲ್ಲಿ ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ಚೌಕ ಹಾಕಿ, ಒಂದೊಂದರ ಸುತ್ತ ನಾಲ್ಕು ಮಕ್ಕಳನ್ನು ಕೂರಿಸಿ. ಇಪ್ಪತ್ತು ನಿಮಿಷ ಕೊಡಿ. ಪ್ರಾಣಿಗಳ ಹೆಸರಿನ ಪಟ್ಟಿ ಬೇಡ. ಯಾರು ಏನು ತಿಂದರು ಅನ್ನುವುದಕ್ಕೆ ಗುರುತು ಹುಡುಕಬೇಕು: ತೂತಾದ ಎಲೆ, ಜೇಡರ ಬಲೆಯಲ್ಲಿ ಸಿಕ್ಕ ರೆಕ್ಕೆ, ಹಿಕ್ಕೆ. ಒಮ್ಮೆ ಒಂದು ಗುಂಪಿಗೆ ಸತ್ತ ಮಿಡತೆಯ ಕಾಲನ್ನು ಎಳೆದುಕೊಂಡು ಹೋಗುವ ಇರುವೆಗಳು ಕಂಡವು. ನಾಲ್ಕೇ ನಾಲ್ಕು ಇರುವೆ, ತಮಗಿಂತ ಎಷ್ಟೋ ಉದ್ದದ ಕಾಲು. ಒಂದು ಕಡ್ಡಿ ಅಡ್ಡ ಬಂದರೆ ಹಿಂದೆ ಸರಿದು, ಸುತ್ತಿ ಬಂದು, ಮತ್ತೆ ಎಳೆಯುತ್ತಿದ್ದವು. ‘ಟೀಚರ್, ಸತ್ತೋಗಿರೋದೂ ಊಟಾನಾ?’ ಎಂದು ಒಬ್ಬಳು ಕೇಳಿದಳು. ಸತ್ತದ್ದನ್ನು ಕೊಳೆಸಿ ಮಣ್ಣಿಗೆ ಸೇರಿಸುವ ವಿಘಟಕರ ಪಾಠಕ್ಕೆ ಇದಕ್ಕಿಂತ ಒಳ್ಳೆ ಪೀಠಿಕೆ ನನಗೆ ಇವತ್ತಿಗೂ ಸಿಕ್ಕಿಲ್ಲ.

ಪರಿಸರ ವ್ಯವಸ್ಥೆಯ ವ್ಯಾಖ್ಯೆಗೆ ಜಾಸ್ತಿ ಹೊತ್ತು ಬೇಡ. ಚೌಕದಲ್ಲಿ ಜೀವ ಇರುವುದು ಏನೇನು, ಇಲ್ಲದ್ದು ಏನೇನು (ಬಿಸಿಲು, ನೀರು, ಮಣ್ಣು, ಗಾಳಿ), ಎರಡೂ ಸೇರಿದರೆ ಅದೇ. ಮುಂದಕ್ಕೆ ಹೋಗಿ.

ಇನ್ನು ಬಾಣದ ವಿಷಯ. ಜಾಲದ ಚಿತ್ರದಲ್ಲಿ ಮಕ್ಕಳು ಕಪ್ಪೆಯಿಂದ ಮಿಡತೆಯ ಕಡೆಗೆ ಬಾಣ ಬರೆಯುತ್ತಾರೆ. ಕಪ್ಪೆ ತಾನೇ ಮಿಡತೆಯ ಮೇಲೆ ಹಾರುವುದು? ಅವರ ಲೆಕ್ಕ ಸರಿಯಾಗೇ ಇದೆ. ‘ಶಕ್ತಿಯ ಹರಿವಿನ ದಿಕ್ಕು’ ಎಂದು ಎಷ್ಟು ಸಲ ಹೇಳಿದರೂ ಪ್ರಯೋಜನ ಆಗಲಿಲ್ಲ. ‘ಬಾಣ ಅಂದರೆ ಯಾರ ಹೊಟ್ಟೆಗೆ ಹೋಯ್ತು ಅಂತ’ ಎಂದ ದಿನ ಸರಿಹೋಯಿತು. ಬಾಣದ ತುದಿ ಯಾವಾಗಲೂ ಬಾಯೊಳಗೆ.

ಉಲ್ಲನ್ ದಾರದ ಆಟ ನಿಮಗೂ ಗೊತ್ತಿರಬೇಕು. ಎಲ್ಲರೂ ಒಂದೊಂದು ಜೀವಿಯ ಕಾರ್ಡು ಹಿಡಿದು, ಸುತ್ತ ನಿಂತು ದಾರದ ಉಂಡೆ ಎಸೆದಾಡಿ, ಒಬ್ಬರು ಎಳೆದರೆ ಎಲ್ಲರಿಗೂ ಜಗ್ಗುತ್ತದೆ. ನೋಡೋಕೆ ಚಂದ. ಆದರೆ ನನಗೆ ಆ ಆಟದ ಮೇಲೆ ಸಿಟ್ಟಿದೆ. ಅದರಲ್ಲಿ ದಿಕ್ಕೇ ಇಲ್ಲ. ಒಂದು ಹೋದರೆ ಎಲ್ಲವೂ ಹೋಯಿತು ಅನ್ನುವ ತಪ್ಪು ಪಾಠ ಬೇರೆ. ಮಿಡತೆ ಇಲ್ಲದಿದ್ದರೆ ಕಪ್ಪೆ ನೊಣ ತಿನ್ನುತ್ತದೆ, ಜೀರುಂಡೆ ತಿನ್ನುತ್ತದೆ. ಜಾಲದ ಅರ್ಥವೇ ಅದಲ್ವಾ?

ಅದಕ್ಕೆ ಹೀಗೆ ಬದಲಾಯಿಸಿದೆ. ಉಂಡೆಯ ಬದಲು ಎರಡೆರಡು ಮೀಟರ್‌ನ ತುಂಡುಗಳು. ತಿನ್ನಿಸಿಕೊಳ್ಳುವವರು ದಾರವನ್ನು ಬಲಗೈಯಲ್ಲಿ, ತಿನ್ನುವವರು ಎಡಗೈಯಲ್ಲಿ ಹಿಡಿಯಬೇಕು. ಎಡಗೈ ಅಂದರೆ ಊಟದ ತಟ್ಟೆ. ಅದು ಖಾಲಿಯಾದರೆ ಕೂತುಬಿಡಬೇಕು. ಕೂತವರ ದಾರಗಳೆಲ್ಲ ಕೆಳಗೆ. ಹದಿನೈದು ಮಕ್ಕಳು ಸಾಕು. ಮಿಡತೆಯನ್ನು ಕೂರಿಸಿ ನೋಡಿ, ಕಪ್ಪೆ ನಿಂತೇ ಇರುತ್ತದೆ. ಎಕ್ಕದ ಕುಟುಂಬದ ಗಿಡದ ಎಲೆಯನ್ನಷ್ಟೇ ತಿನ್ನುವ ಮೊನಾರ್ಕ್ ಚಿಟ್ಟೆಯ ಮರಿಹುಳು ಮಾತ್ರ ಆ ಗಿಡ ಕೂತ ಕೂಡಲೇ ಕೂರುತ್ತದೆ. ಎಲ್ಲ ಗಿಡಗಳನ್ನೂ ಕೂರಿಸಿದರೆ ಒಬ್ಬೊಬ್ಬರಾಗಿ ಕುಸಿಯುತ್ತಾರೆ. ಎಲ್ಲರಿಂದಲೂ ದಾರ ಪಡೆದ ಬೂಷ್ಟು ಕೊನೆಗೆ.

ಒಬ್ಬ ಹುಡುಗ ಜಗಳಕ್ಕೇ ಬಂದ. ‘ಹುಲ್ಲಿನ ಎಡಗೈ ಮೊದಲಿಂದಲೂ ಖಾಲಿ, ಅವಳು ಯಾಕೆ ಕೂರಲ್ಲ?’ ಅಂದಿನಿಂದ ಗಿಡಗಳ ಕಾರ್ಡು ಹಿಡಿದವರು ಎಡಗೈಯನ್ನು ಸೂರ್ಯನ ಕಡೆಗೆ ಎತ್ತಿರಬೇಕು ಅನ್ನುವ ನಿಯಮ ಸೇರಿತು. ಗಿಡ ಮಣ್ಣು ತಿಂದು ಬೆಳೆಯುತ್ತದೆ ಎಂದೂ ಕೆಲವರು ಹೇಳುತ್ತಾರೆ. ಅವರಿಗೆ ಹದಿನೇಳನೇ ಶತಮಾನದ ವಿಜ್ಞಾನಿ ವಾನ್ ಹೆಲ್ಮಾಂಟ್‌ನ ಕತೆ ಹೇಳಿ. ಕುಂಡದಲ್ಲಿ ನೆಟ್ಟ ವಿಲ್ಲೋ ಗಿಡ 5 ವರ್ಷದಲ್ಲಿ 70 ಕಿಲೋಗೂ ಜಾಸ್ತಿ ತೂಕ ಬೆಳೆಸಿಕೊಂಡಿತು, ಮಣ್ಣು ಕಮ್ಮಿಯಾಗಿದ್ದು ಸುಮಾರು 57 ಗ್ರಾಂ. ಎಲ್ಲ ನೀರಿನಿಂದಲೇ ಬಂತು ಎಂದು ಅವನು ತಿಳಿದ, ಗಾಳಿಯ ಪಾಲು ಅವನಿಗೆ ಹೊಳೆಯಲಿಲ್ಲ.

ಆಟದಲ್ಲಿ ಒಂದು ಕೊರತೆ ಇದೆ, ಮುಚ್ಚಿಡಬೇಡಿ. ಹದ್ದನ್ನು ಕೂರಿಸಿದರೆ ಬೇರೆ ಯಾರೂ ಕೂರುವುದಿಲ್ಲ. ‘ಹಾಗಾದರೆ ಹದ್ದು ಬೇಡ್ವಾ?’ ಎಂದು ನೀವೇ ಕೇಳಿ. ಅವರು ಸ್ವಲ್ಪ ಹೊತ್ತು ಕಿತ್ತಾಡಲಿ. ಆಮೇಲೆ ಪರಿಸರ ವಿಜ್ಞಾನಿ ರಾಬರ್ಟ್ ಪೇನ್ ಏನು ಮಾಡಿದರು ಎಂದು ಹೇಳಿ. 1963ರಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಕರಾವಳಿಯಲ್ಲಿ ಒಂದು ತುಂಡು ಬಂಡೆ ಆರಿಸಿಕೊಂಡು, ಅಲ್ಲಿದ್ದ ನಕ್ಷತ್ರಮೀನುಗಳನ್ನು ಕಿತ್ತು ಕಿತ್ತು ಸಮುದ್ರಕ್ಕೆ ಎಸೆಯುತ್ತಾ ಬಂದರು. ತಿನ್ನುವವರು ಹೋದರೆ ಉಳಿದವರಿಗೆ ಹಬ್ಬ ಅಂದುಕೊಳ್ಳುತ್ತೇವೆ. ಆಗಿದ್ದೇ ಬೇರೆ. ನಕ್ಷತ್ರಮೀನು ತಿನ್ನುತ್ತಿದ್ದ ಮಸೆಲ್ ಎಂಬ ಚಿಪ್ಪುಜೀವಿ ಬಂಡೆಯನ್ನೆಲ್ಲ ಆಕ್ರಮಿಸಿತು, ಬೇರೆಯವಕ್ಕೆ ಕೂರಲು ಜಾಗವೇ ಉಳಿಯಲಿಲ್ಲ. 15 ಜಾತಿ ಇದ್ದಲ್ಲಿ 8 ಆಯಿತು. ಬಸ್ಸಿನಲ್ಲಿ ಸೀಟು ಹಿಡಿಯುವವರ ಹಾಗೆ ಅಂದರೆ ಮಕ್ಕಳಿಗೆ ತಕ್ಷಣ ಅರ್ಥವಾಗುತ್ತದೆ.

ಶಕ್ತಿಯ ಪಾಠಕ್ಕೆ ಒಂದು ಲೀಟರ್ ನೀರು ಸಾಕು. ಅದು ಹುಲ್ಲು. ಮಿಡತೆಗೆ 100 ಮಿಲಿ, ಕಪ್ಪೆಗೆ 10, ಹಾವಿಗೆ 1. ಹಾವಿನ ಪಾಲನ್ನು ಇಂಕ್ ಫಿಲ್ಲರ್‌ನಲ್ಲಿ ಅಳೆದು ಅಂಗೈಗೆ ಬಿಡಿ, ಮಕ್ಕಳು ‘ಇಷ್ಟೇನಾ?’ ಎನ್ನುತ್ತಾರೆ. ಹತ್ತರಲ್ಲಿ ಒಂದು ಅನ್ನುವುದು ಅಂದಾಜು, ಒಂದೊಂದು ಕಡೆ ಒಂದೊಂದು ಥರ. ಉಳಿದದ್ದು ಓಡಾಟಕ್ಕೆ, ಉಸಿರಾಟಕ್ಕೆ, ಬಿಸಿಯಾಗಿ ಹೊರಗೆ ಹೋಯಿತು, ಒಂದಷ್ಟು ತಿನ್ನದೇ ಉಳಿಯಿತು. ಒಂದು ಎಚ್ಚರ: ಆ ಉಳಿದ ನೀರನ್ನು ಮಕ್ಕಳ ಎದುರು ಗಿಡಕ್ಕೆ ಹಾಕಬೇಡಿ. ನಾನು ಹಾಕಿದ್ದೆ. ಶಕ್ತಿ ವಾಪಸ್ ಗಿಡಕ್ಕೆ ಹೋಗುತ್ತದೆ ಎಂದು ಅರ್ಧ ಕ್ಲಾಸು ಪರೀಕ್ಷೆಯಲ್ಲಿ ಬರೆದಿತ್ತು. ವಾಪಸ್ ಹೋಗುವುದು ಗೊಬ್ಬರದ ಅಂಶ, ಶಕ್ತಿಯಲ್ಲ.

ಅದನ್ನು ತೋರಿಸಲು ಎರಡು ಬಾಟಲಿ ಇಡಿ. ಎರಡರಲ್ಲೂ ತರಗೆಲೆ. ಒಂದಕ್ಕೆ ತೋಟದ ಹಸಿ ಮಣ್ಣು, ಇನ್ನೊಂದಕ್ಕೆ ಚೆನ್ನಾಗಿ ಒಣಗಿಸಿದ ಮಣ್ಣು. ವಾರಕ್ಕೊಮ್ಮೆ ಚಿತ್ರ ಬರೆಸಿ. ಒಂದೂವರೆ ತಿಂಗಳಾದರೂ ಬೇಕು, ಹಾಗಾಗಿ ಪಾಠ ಶುರುವಾಗುವ ಮೊದಲೇ ಇಟ್ಟುಬಿಡಿ. ಬೂಷ್ಟು ಬಂದ ಬಾಟಲಿಯ ಮುಚ್ಚಳ ತೆಗೆಯಲು ಬಿಡಬೇಡಿ. ಮೂಸಿ ನೋಡುವ ಒಬ್ಬರು ಎಲ್ಲ ಕ್ಲಾಸಿನಲ್ಲೂ ಇರುತ್ತಾರೆ.