ವರ್ಕ್‌ಜೂಗ್ 3ರಲ್ಲಿ ಯುಆರ್‌ಎಲ್_ಕೋಟ್ ಸಿಗದಿದ್ದರೆ ತಿದ್ದಬೇಕಾದುದು ಎಲ್ಲಿ?

ಪೈಥಾನ್‌ನ ಜಾಲತಾಣ ಚೌಕಟ್ಟಾದ ಫ್ಲಾಸ್ಕ್‌ನಲ್ಲಿ ಬರೆದ ಹಳೆಯ ಜಾಲತಾಣವನ್ನು ಹೊಸ ಸರ್ವರಿಗೆ ಸಾಗಿಸಿದ ಮೇಲೆ ಜಾಲವಿಳಾಸದ ಅಕ್ಷರಗಳನ್ನು ಶೇಕಡಾ ಸಂಕೇತಕ್ಕೆ (%E0 ಎಂಬಂಥದ್ದಕ್ಕೆ) ಬದಲಿಸುವ ‘ಯುಆರ್‌ಎಲ್_ಕೋಟ್’ ಫಂಕ್ಷನ್ ಸಿಗುತ್ತಿಲ್ಲವೆಂಬ ಇಂಪೋರ್ಟ್ ಎರರ್ ಬರುತ್ತಿದೆ, ಲೈಬ್ರರಿಗಳು ಕೂರುವ ಸೈಟ್-ಪ್ಯಾಕೇಜಸ್ ಫೋಲ್ಡರಿನೊಳಗಿನ ಫೈಲನ್ನೇ ತಿದ್ದಬಹುದೇ ಎಂದು ಕೇಳಿದ್ದೀರಿ. ಬೇಡ. ಲೈಬ್ರರಿಗಳನ್ನು ತಂದು ಕೂರಿಸುವ ಪಿಪ್ ಅದನ್ನು ಮತ್ತೊಮ್ಮೆ ಕೂರಿಸಿದರೆ ಆ ತಿದ್ದುಪಡಿ ಉಳಿಯುವುದಿಲ್ಲ.

ಆ ಫಂಕ್ಷನ್ ಇದ್ದದ್ದು ಫ್ಲಾಸ್ಕ್‌ಗೆ ಆಧಾರವಾದ ವರ್ಕ್‌ಜೂಗ್ ಎಂಬ ಲೈಬ್ರರಿಯಲ್ಲಿ; ಅದರ 2.3ರಲ್ಲೇ ಎಚ್ಚರಿಕೆ ಕೊಟ್ಟು, 2023ರ ಸೆಪ್ಟೆಂಬರ್ 30ರಂದು ಬಂದ 3.0ರಲ್ಲಿ ಆ ಫಂಕ್ಷನ್ನನ್ನು ತೆಗೆದುಹಾಕಿದರು. ಆದರೆ ಅದನ್ನು ಕರೆಯುವ ಹಳೆಯ ಫ್ಲಾಸ್ಕ್ 2.2.2 ತನಗೆ ಬೇಕಾದ ವರ್ಕ್‌ಜೂಗ್‌ನ ಕನಿಷ್ಠ ಆವೃತ್ತಿಯನ್ನಷ್ಟೇ ಹೇಳಿ ಮೇಲಿನ ಮಿತಿಯನ್ನು ಹೇಳದೆ ಬಿಟ್ಟಿರುವುದರಿಂದ, ಬೇಕಾದ ಲೈಬ್ರರಿಗಳ ಪಟ್ಟಿಯಾದ ರಿಕ್ವೈರ್‌ಮೆಂಟ್ಸ್ ಫೈಲಿನಲ್ಲಿ ನೀವು ಫ್ಲಾಸ್ಕ್‌ನ ಆವೃತ್ತಿಯೊಂದನ್ನೇ ನಮೂದಿಸಿದ್ದರೆ ಪಿಪ್ ಅದರ ಪಕ್ಕಕ್ಕೆ ಇಂದಿನ ವರ್ಕ್‌ಜೂಗನ್ನು ತಂದು ಕೂರಿಸುತ್ತದೆ. ವರ್ಕ್‌ಜೂಗ್ 3ಕ್ಕಿಂತ ಕೆಳಗಿರಲಿ ಎಂಬ ಸಾಲೊಂದನ್ನು ಸೇರಿಸಿದರೆ ತಾಣ ಇವತ್ತೇ ಏಳುತ್ತದೆ, ಫ್ಲಾಸ್ಕನ್ನು 3.0ಕ್ಕೆ ಏರಿಸುವುದನ್ನು ಬಿಡುವಾದಾಗ ಮಾಡಿ.

ನೀವು ಬಳಸುವ ಬೇರೆ ಲೈಬ್ರರಿಯೂ ಈ ಫಂಕ್ಷನ್ನನ್ನು ಕರೆಯುತ್ತಿದ್ದರೆ ಕೆಲಸ ಸ್ವಲ್ಪ ಹೆಚ್ಚು. ಪುಣೆಯ ಕೋಥ್ರೂಡ್‌ನಲ್ಲಿರುವ ನಮ್ಮ ಕನ್ನಡ ಬಳಗದ ತಾಣಕ್ಕೆಂದು ನಾನು ಬರೆದು ಎಲ್ಲರಿಗೂ ತೆರೆದಿಟ್ಟಿರುವ ಪುಟ್ಟ ಲೈಬ್ರರಿಯಲ್ಲಿ, ಯುಆರ್‌ಎಲ್_ಕೋಟ್ ಜಾಗಕ್ಕೆ ಪೈಥಾನ್‌ನ ಯುಆರ್‌ಎಲ್‌ಲಿಬ್‌ನ ‘ಕೋಟ್’ ಹಾಕಿದರೆ ಮುಗಿಯಿತು ಎಂದುಕೊಂಡಿದ್ದೆ. ಕನ್ನಡ ಅಕ್ಷರಗಳ ಮಟ್ಟಿಗೆ ಎರಡೂ ಒಂದೇ; ‘ಕ’ ಎಂಬುದು ಎರಡರಲ್ಲೂ ಅದೇ ಮೂರು ಬೈಟುಗಳ ಸಂಕೇತವಾಗುತ್ತದೆ. ಮರುದಿನ ಬಳಗದ ಕಾರ್ಯದರ್ಶಿಗಳ ಫೋನ್ ಬಂತು: “ಫೋಟೋ ಒಂದೂ ಕಾಣವಲ್ದಲ್ರೀ!” ಹಳೆಯ ಫಂಕ್ಷನ್ ಓರೆಗೆರೆಯನ್ನೂ ಕೋಲನ್ನನ್ನೂ ಮುಟ್ಟದೆ ಬಿಡುತ್ತಿತ್ತು; ಹೊಸದು ಓರೆಗೆರೆಯನ್ನು ಮಾತ್ರ ಬಿಡುತ್ತದೆ. ಹೀಗಾಗಿ ಬೇರೆ ಸರ್ವರಿನಲ್ಲಿದ್ದ ಫೋಟೋಗಳ ವಿಳಾಸದಲ್ಲಿ ‘ಎಚ್‌ಟಿಟಿಪಿಎಸ್’ನ ಮುಂದಿನ ಕೋಲನ್ ಶೇಕಡಾ ಸಂಕೇತವಾಗಿ ಬದಲಾಗಿ, ಬ್ರೌಸರ್ ಅವನ್ನೆಲ್ಲ ನಮ್ಮ ತಾಣದೊಳಗೇ ಹುಡುಕುತ್ತಿತ್ತು. ಇನ್ನೊಂದು ವ್ಯತ್ಯಾಸವೂ ಇದೆ: ಪುಟಸಂಖ್ಯೆಯನ್ನು ಸಂಖ್ಯೆಯಾಗಿಯೇ ಕೊಟ್ಟರೆ ಹಳೆಯದು ತಾನೇ ಅಕ್ಷರಕ್ಕೆ ಬದಲಿಸಿಕೊಳ್ಳುತ್ತಿತ್ತು, ಹೊಸದು ಟೈಪ್ ಎರರ್ ಎಸೆಯುತ್ತದೆ.

ಆದ್ದರಿಂದ ಮೊದಲು ಮೌಲ್ಯವನ್ನು ಸ್ಟ್ರಿಂಗ್ ಮಾಡಿ, ಮುಟ್ಟದೆ ಬಿಡಬೇಕಾದ ಚಿಹ್ನೆಗಳನ್ನು ಹೇಳುವ ‘ಸೇಫ್’ ಆರ್ಗ್ಯುಮೆಂಟಿಗೆ ಓರೆಗೆರೆ ಮತ್ತು ಕೋಲನ್ ಎರಡನ್ನೂ ಕೊಡುವ ಸಣ್ಣ ಫಂಕ್ಷನ್ ಬರೆದುಕೊಳ್ಳಿ. ಯುಆರ್‌ಎಲ್‌ಲಿಬ್ ಪೈಥಾನ್‌ನ ಜೊತೆಗೇ ಬರುವುದರಿಂದ ‘ಹಳೆಯದು ಸಿಗದಿದ್ದರೆ ಹೊಸದು’ ಎಂದು ಟ್ರೈ-ಎಕ್ಸೆಪ್ಟ್ ಹಾಕುವ ಅಗತ್ಯವಿಲ್ಲ. ಹಲವರು ಹಾಕುತ್ತಾರೆ, ನನಗದು ಬರೀ ಕಸವೆನಿಸುತ್ತದೆ. ವರ್ಕ್‌ಜೂಗ್ 2.2 ಮತ್ತು 3.0 ಎರಡರ ಮೇಲೂ ಟೆಸ್ಟ್ ಓಡಿಸಿ. ಲೈಬ್ರರಿ ಬೇರೆಯವರದಾಗಿದ್ದರೆ ಅದರ ಇಶ್ಯೂ ಪಟ್ಟಿಯನ್ನು ಮೊದಲು ನೋಡಿ, ಯಾರೂ ಸರಿಪಡಿಸಿರದಿದ್ದರೆ ಕೋಲನ್ ಇರುವ ಒಂದು ಟೆಸ್ಟಿನ ಸಮೇತ ಪುಲ್ ರಿಕ್ವೆಸ್ಟ್ (ತಿದ್ದುಪಡಿಯನ್ನು ಸೇರಿಸಿಕೊಳ್ಳಿ ಎಂಬ ಕೋರಿಕೆ) ಕಳುಹಿಸಿ.