ಪರಿಸರಕ್ಕೆ ಹಾನಿಯಾಗದಂತೆ ಚಿತ್ರ ಬರೆಯಬೇಕೆಂದರೆ ಗಿಡದ ಬಣ್ಣ ಬಳಸಿದರೆ ಸಾಕಾ?

ಸಾಲದು. ನಾನೂ ಮೊದಲು ನಿಮ್ಮ ಹಾಗೇ ಅಂದುಕೊಂಡಿದ್ದೆ. ಬೀಟ್‌ರೂಟ್ ರಸದಲ್ಲಿ ಒಂದು ಚಿತ್ರ ಬರೆದು ಕಿಟಕಿ ಪಕ್ಕ ತೂಗುಹಾಕಿದೆ. ಕೆಲವೇ ವಾರಕ್ಕೆ ಕೆಂಪೆಲ್ಲ ಹೋಗಿ ಕೊಳಕು ಕಂದು ಉಳಿಯಿತು. ಮತ್ತೆ ಬರೆದೆ, ಮತ್ತೆ ಮಾಸಿತು. ಒಂದು ಚಿತ್ರಕ್ಕೆ ಮೂರು ಹಾಳೆ ಹಾಳು! ಹಾಳೆ ಮಾಡುವುದಕ್ಕೂ ಮರ, ನೀರು, ಕರೆಂಟು ಬೇಕಲ್ಲ.

ಕಾಡಿನಲ್ಲಿ ಕಸ ಅಂತ ಬೇರೆ ಇರುವುದಿಲ್ಲ, ಅಲ್ವಾ? ಉದುರಿದ ಎಲೆಯನ್ನು ಅಣಬೆ ತಿನ್ನುತ್ತದೆ, ಅದು ಬಿಟ್ಟ ಸಾರ ಬೇರಿಗೆ ಸೇರುತ್ತದೆ. ಅದಕ್ಕೇ ಈಗ ಯಾವ ಸಾಮಾನು ತೆಗೆದುಕೊಂಡರೂ ಮೊದಲು ಕೇಳಿಕೊಳ್ಳುತ್ತೇನೆ: ನನ್ನ ಕೆಲಸ ಮುಗಿದ ಮೇಲೆ ಇದು ಎಲ್ಲಿಗೆ ಹೋಗುತ್ತದೆ?

ಅಕ್ರಿಲಿಕ್ ಬಣ್ಣವನ್ನೇ ನೋಡಿ. ಒಣಗಿದರೆ ಅದು ಪ್ಲಾಸ್ಟಿಕ್. ಬ್ರಷ್ ತೊಳೆದ ನೀರನ್ನು ಸುಮ್ನೆ ಸಿಂಕಿಗೆ ಸುರಿದರೆ ಅದರ ಕಣಗಳು ಚರಂಡಿ ಸೇರುತ್ತವೆ. ನಾನು ಅಕ್ರಿಲಿಕ್ ಪೂರ್ತಿ ಬಿಟ್ಟಿಲ್ಲ, ಸುಳ್ಳು ಯಾಕೆ ಹೇಳಲಿ. ಆದರೆ ಬ್ರಷ್ಷನ್ನು ಮೊದಲು ಹಳೇ ಬಟ್ಟೆಗೆ ಚೆನ್ನಾಗಿ ಒರೆಸುತ್ತೇನೆ. ತೊಳೆದ ನೀರನ್ನು ಅಗಲವಾದ ಡಬ್ಬಿಯಲ್ಲಿ ಆರಲು ಬಿಟ್ಟು, ತಳದಲ್ಲಿ ಉಳಿದ ಪೊರೆಯನ್ನು ಸುಲಿದು ಒಣ ಕಸಕ್ಕೆ ಹಾಕುತ್ತೇನೆ.

ಬಾಳಿಕೆ ಬೇಕಾದ ಚಿತ್ರಕ್ಕೆ ಕೆಮ್ಮಣ್ಣು, ಇದ್ದಿಲು ಬಳಸುತ್ತೇನೆ. ಕೆಮ್ಮಣ್ಣಿನ ಬಣ್ಣ ಕಬ್ಬಿಣದ ಆಕ್ಸೈಡಿನದು, ಬಿಸಿಲಿಗೆ ಮಾಸುವುದಿಲ್ಲ. ಗುಹೆಗಳಲ್ಲಿ ಸಾವಿರಾರು ವರ್ಷದಿಂದ ಉಳಿದಿರುವ ಚಿತ್ರಗಳಲ್ಲೂ ಇವೇ ಇವೆ. ಬೀಟ್‌ರೂಟನ್ನು ಮಾಸಲಿ ಅಂತಲೇ ಬರೆಯುವ ಚಿತ್ರಗಳಿಗೆ ಇಟ್ಟುಕೊಂಡಿದ್ದೇನೆ.

ಇದಕ್ಕಿಂತ ಮುಂದೆ ಹೋದವರೂ ಇದ್ದಾರೆ. ಅಮೆರಿಕದ ಓಹಾಯೊದಲ್ಲಿ ಪಾಳುಬಿದ್ದ ಕಲ್ಲಿದ್ದಲು ಗಣಿಗಳಿಂದ ಕಬ್ಬಿಣ ತುಂಬಿದ ನೀರು ಹರಿದು ತೊರೆಗಳು ಕೆಟ್ಟಿವೆ. ಕಲಾವಿದ ಜಾನ್ ಸಬ್ರಾ ಎಂಜಿನಿಯರುಗಳ ಜೊತೆ ಸೇರಿ ಆ ಕಬ್ಬಿಣವನ್ನು ಬೇರ್ಪಡಿಸಿ ಚಿತ್ರದ ಬಣ್ಣ ಮಾಡಿದರು. ಅಲ್ಲಿನದೇ ಇನ್ನೊಬ್ಬ ಕಲಾವಿದ ಮೆಲ್ ಚಿನ್ 1991ರಲ್ಲಿ ಮಿನ್ನೆಸೋಟ ರಾಜ್ಯದ ಒಂದು ಕಸದ ಗುಡ್ಡದಲ್ಲಿ, ಮಣ್ಣಿನ ಸತು, ಕ್ಯಾಡ್ಮಿಯಂ ಹೀರುವ ಗಿಡಗಳನ್ನು ನೆಟ್ಟರು. ಆ ತೋಟವೇ ಕಲಾಕೃತಿ. ನನಗೆ ಇದು ಜಾಸ್ತಿ ಇಷ್ಟ, ಮಣ್ಣೇ ಸ್ವಲ್ಪ ಚೊಕ್ಕವಾಗುತ್ತದಲ್ಲ.

ಚಿತ್ರ ಬಿಟ್ಟು ಬೇರೆ ಏನಾದರೂ ಮಾಡುತ್ತೀರಾ ಅಂತ ನೀವು ಬರೆದಿಲ್ಲ. ಮಣ್ಣಿನಲ್ಲಿ ಮಡಕೆ, ಬೊಂಬೆ ಮಾಡುವುದಾದರೆ, ಅಭ್ಯಾಸಕ್ಕೆ ಮಾಡಿದ್ದನ್ನೆಲ್ಲ ಸುಡಬೇಡಿ. ಹಸಿ ಮಣ್ಣನ್ನು ನೆನೆಸಿ ಮತ್ತೆ ಕಲಸಬಹುದು, ಸುಟ್ಟದ್ದನ್ನು ಆಗುವುದಿಲ್ಲ.